ಕಾರಿನ ಹೊಗೆಕೊಳವೆಗೆ ಹೊದಿಕೆ ಬೇಕೆ?

ಸುಗ್ಗಿಯ ಕಾಲದಲ್ಲಿ ನಂಜನಗೂಡಿನಿಂದ ಬದನವಾಳು, ಕವಲಂದೆ ದಾರಿಯಾಗಿ ಚಾಮರಾಜನಗರದ ಕಡೆಗೆ ಪ್ರಯಾಣ ಮಾಡಿದವರು ರಸ್ತೆಯ ಮೇಲೆಯೇ ಹರಡಿದ ಹುರುಳಿ ಗಿಡಗಳನ್ನೂ ರಾಗಿ ತೆನೆಗಳನ್ನೂ ನೋಡಿರುತ್ತಾರೆ. ನೆಲ ಹದಮಾಡಿ, ಸಗಣಿ ಸಾರಿಸಿ, ಎತ್ತು ಕಟ್ಟಿ ರೋಣಗಲ್ಲು ಎಳೆಸುತ್ತಿದ್ದ ಕಣಗಳು ಬಹುಮಟ್ಟಿಗೆ ಕಾಣೆಯಾಗಿವೆ. ಡಾಂಬರು ರಸ್ತೆಯೇ ಈಗ ಕಣ. ಅದರ ಮೇಲೆ ಓಡುವ ಬಸ್ಸು, ಲಾರಿ, ಕಾರುಗಳೇ ರೋಣಗಲ್ಲು. ರೈತನಿಗೆ ಇದು ಖರ್ಚಿಲ್ಲದ ಒಕ್ಕಣೆ. ಆದರೆ ಹುರುಳಿಯ ಒಣ ಬಳ್ಳಿ ಕಾರಿನ ಅಡಿಭಾಗಕ್ಕೆ ಸಿಕ್ಕಿ, ಸುತ್ತಿಕೊಂಡು, ಮುಂದೆ ಸ್ವಲ್ಪ ದೂರ ಹೋಗುವಷ್ಟರಲ್ಲಿ ಹೊಗೆ ಎದ್ದು, ನೋಡನೋಡುತ್ತಿದ್ದಂತೆ ಕಾರು ಸುಟ್ಟು ಕರಕಲಾದ ಸುದ್ದಿಗಳು ನಂಜನಗೂಡು, ಚಾಮರಾಜನಗರ, ಗುಂಡ್ಲುಪೇಟೆ ಸೀಮೆಯಿಂದ ಆಗಾಗ ಬರುತ್ತಲೇ ಇರುತ್ತವೆ.

ಬೆಂಕಿಗೆ ಬೇಕಾದ ಶಾಖ ಎಲ್ಲಿಂದ ಬಂತು ಎಂಬುದರಲ್ಲಿ ಹೆಚ್ಚಿನ ಅನುಮಾನವಿಲ್ಲ. ಎಂಜಿನ್ನಿನಿಂದ ಹಿಂದಿನ ಬಂಪರಿನವರೆಗೆ ಹೋಗುವ ಹೊಗೆಕೊಳವೆ ಕಾರಿನ ಅಡಿಭಾಗದಲ್ಲಿರುವ ಅತಿ ಬಿಸಿಯಾದ ವಸ್ತು. ನಮ್ಮ ಗ್ಯಾರೇಜುಗಳ ಭಾಷೆಯಲ್ಲಿ ಈ ಇಡೀ ಕೊಳವೆಯೇ ‘ಸೈಲೆನ್ಸರ್’. ಹಾಗಾದರೆ ಅದಕ್ಕೊಂದು ಉಷ್ಣ ನಿರೋಧಕ ಹೊದಿಕೆ ಸುತ್ತಿಬಿಟ್ಟರೆ ಸಾಲದೆ? ಅಂತಹ ಪಟ್ಟಿಗಳು ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುತ್ತವೆ. ಎರಡು ಅಂಗುಲ ಅಗಲದ, ಗಾಜಿನೆಳೆಯಿಂದ ನೇಯ್ದ ಉದ್ದನೆಯ ಪಟ್ಟಿ ಅದು. ಗಾಯಕ್ಕೆ ಬ್ಯಾಂಡೇಜು ಸುತ್ತುವಂತೆ ಒಂದರ ಮೇಲೊಂದು ಅರ್ಧ ಬರುವ ಹಾಗೆ ಕೊಳವೆಗೆ ಸುತ್ತಿ, ಸ್ಟೀಲ್ ಪಟ್ಟಿಯಿಂದ ಬಿಗಿಯುತ್ತಾರೆ. ಬುಲೆಟ್ ಓಡಿಸುವ ಹುಡುಗರಿಗೆ ಇದು ಅಲಂಕಾರವೂ ಹೌದು. ಕಾರಿನವರಿಗೆ ಇದನ್ನು ಮಾರುವಾಗ ‘ಬಾನೆಟ್ಟಿನೊಳಗೆ ತಣ್ಣಗಿರುತ್ತದೆ, ಎಂಜಿನ್ನಿನ ಶಕ್ತಿ ಹೆಚ್ಚುತ್ತದೆ, ಬೆಂಕಿಯ ಭಯವಿಲ್ಲ’ ಎಂದು ಹೇಳುವುದುಂಟು. ಮೂರು ಮಾತುಗಳಲ್ಲಿ ಮೊದಲನೆಯದು ನಿಜ, ಎರಡನೆಯದು ಅಲ್ಪ ನಿಜ. ಮೂರನೆಯದನ್ನು ನಂಬಿ ಹುರುಳಿಯ ಮೇಲೆ ಕಾರು ಓಡಿಸುವುದು ಅಪಾಯ. ಏಕೆ ಎಂಬುದನ್ನು ಉಷ್ಣ ಪ್ರಸಾರದ ಪಾಠದಿಂದಲೇ ತಿಳಿಯಬಹುದು.

ಕೊಳವೆಯೊಳಗಿನ ಅನಿಲ

ಪೆಟ್ರೋಲ್ ಎಂಜಿನ್ನಿನ ಸಿಲಿಂಡರಿನಿಂದ ಹೊರಬೀಳುವ ಅನಿಲದ ತಾಪ ಎಂಜಿನ್ ಸುಮ್ಮನೆ ತಿರುಗುತ್ತಿದ್ದಾಗ 300-400° ಸೆ. ಇರಬಹುದು, ಭಾರ ಹೊತ್ತು ಏರು ಹತ್ತುವಾಗ 800-900° ಸೆ. ಮುಟ್ಟುತ್ತದೆ. ಡೀಸೆಲ್ ಎಂಜಿನ್ನಿನಲ್ಲಿ ಇದು ಸಾಮಾನ್ಯವಾಗಿ ಕಡಿಮೆ. ಸುಟ್ಟ ಇಂಧನದ ಶಕ್ತಿಯಲ್ಲಿ ಸುಮಾರು ಮೂರನೇ ಒಂದು ಭಾಗ ಹೀಗೆ ಬಿಸಿ ಅನಿಲದ ರೂಪದಲ್ಲಿ ಹೊರಹೋಗುತ್ತದೆ. ಅದರ ಜೊತೆಗೆ ನೀರೂ ಇರುತ್ತದೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಅದರೊಳಗಿನ ಹೈಡ್ರೊಜನ್ ಗಾಳಿಯ ಆಕ್ಸಿಜನ್ನಿನೊಡನೆ ಕೂಡಿ ಹತ್ತಿರಹತ್ತಿರ ಒಂದು ಲೀಟರಿನಷ್ಟೇ ನೀರಾಗುತ್ತದೆ. ಚಳಿಗಾಲದ ಬೆಳಗ್ಗೆ ಕಾರಿನ ಹಿಂದೆ ತೊಟ್ಟಿಕ್ಕುವುದು ಈ ನೀರೇ.

ಕೊಳವೆಯ ದಾರಿಯಲ್ಲಿ ಕ್ರಿಯಾವರ್ಧಕ ಪರಿವರ್ತಕ, ಅಂದರೆ ಕ್ಯಾಟಲಿಟಿಕ್ ಕನ್ವರ್ಟರ್ ಇರುತ್ತದೆ. ಭಾರತದಲ್ಲಿ 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಇದನ್ನು ಕಡ್ಡಾಯ ಮಾಡಲಾಯಿತು. ಇಂದು ಇದಿಲ್ಲದ ಹೊಸ ಪೆಟ್ರೋಲ್ ಕಾರಿಲ್ಲ. ಜೇನುಗೂಡಿನಂತಹ ಪಿಂಗಾಣಿ ದಿಮ್ಮಿಯ ಮೇಲೆ ಪ್ಲಾಟಿನಮ್, ಪೆಲೇಡಿಯಮ್, ರೋಡಿಯಮ್ ಲೋಹಗಳ ಅತಿ ಸೂಕ್ಷ್ಮ ಕಣಗಳಿರುತ್ತವೆ. ಸುಮಾರು 250-300° ಸೆ. ಮುಟ್ಟುವವರೆಗೆ ಇದು ಕೆಲಸವನ್ನೇ ಆರಂಭಿಸುವುದಿಲ್ಲ. ಆರಂಭಿಸಿದ ಮೇಲೆ, ಒಳಗೆ ನಡೆಯುವ ಕ್ರಿಯೆಯೇ ಶಾಖ ಬಿಡುವಂಥದ್ದಾದ್ದರಿಂದ, ಪರಿವರ್ತಕ ತನ್ನಿಂದ ತಾನೇ ಇನ್ನಷ್ಟು ಬಿಸಿಯಾಗುತ್ತದೆ. ಒಂದು ಸ್ಪಾರ್ಕ್ ಪ್ಲಗ್ ಕೆಟ್ಟು ಉರಿಯದ ಪೆಟ್ರೋಲ್ ಇಲ್ಲಿಗೆ ಬಂದರಂತೂ ಅದು ಇಲ್ಲಿಯೇ ಉರಿದು ಪರಿವರ್ತಕ 1000° ಸೆ. ದಾಟಬಹುದು. 2020ರ ಏಪ್ರಿಲ್‌ನಿಂದ ದೇಶದಲ್ಲೆಲ್ಲ ಜಾರಿಗೆ ಬಂದ ಭಾರತ್ ಹಂತ-6ರ ಡೀಸೆಲ್ ಕಾರುಗಳಲ್ಲಿ ಮಸಿ ಹಿಡಿಯುವ ಶೋಧಕವೂ ಉಂಟು. ತುಂಬಿದ ಮಸಿಯನ್ನು ಸುಡಲು ಅದು ಆಗಾಗ 600° ಸೆ.ನ ಸುಮಾರಿಗೆ ಕಾಯುತ್ತದೆ. ಅದು ಯಾವಾಗ ಕಾಯುತ್ತಿದೆ ಎಂಬುದು ಕಾರು ಓಡಿಸುವವರಿಗೆ ಎಷ್ಟೋ ವೇಳೆ ಗೊತ್ತೇ ಆಗುವುದಿಲ್ಲ.

ಒಣ ಹುಲ್ಲು, ಒಣ ಬಳ್ಳಿಗಳ ಮುಖ್ಯ ವಸ್ತು ಸೆಲ್ಯುಲೋಸ್. ಇದು ಸುಮಾರು 300° ಸೆ. ಹತ್ತಿರ ವೇಗವಾಗಿ ವಿಭಜನೆಗೊಂಡು ಉರಿಯುವ ಅನಿಲಗಳನ್ನು ಬಿಡುತ್ತದೆ. ನುಣ್ಣಗಿನ ಒಣ ಸೆತ್ತೆ ಬಿಸಿ ಲೋಹಕ್ಕೆ ಒತ್ತಿಕೊಂಡಿದ್ದರೆ ಇದಕ್ಕಿಂತ ಕಡಿಮೆ ತಾಪದಲ್ಲೇ ಕನಲತೊಡಗುತ್ತದೆ. ಈ 300 ಎಂಬ ಅಂಕಿಯನ್ನು ನೆನಪಿನಲ್ಲಿಟ್ಟುಕೊಳ್ಳೋಣ.

ಮಸಿಬಟ್ಟೆಯ ವಿಜ್ಞಾನ

ಬದನವಾಳು ಎಂದೊಡನೆ ನಮಗೆ ನೆನಪಾಗುವುದು ಗಾಂಧೀಜಿ ಭೇಟಿ ನೀಡಿದ್ದ ಅಲ್ಲಿನ ಖಾದಿ ಕೇಂದ್ರ. ಕೈಯಲ್ಲಿ ನೂತ ನೂಲಿನ ಬಟ್ಟೆ ಬೇಸಿಗೆಯಲ್ಲಿ ತಂಪು, ಚಳಿಯಲ್ಲಿ ಬೆಚ್ಚಗೆ ಎನ್ನುತ್ತಾರೆ. ಬೆಚ್ಚಗಿರುವುದಕ್ಕೆ ಕಾರಣ ಹತ್ತಿಗಿಂತ ಹೆಚ್ಚಾಗಿ, ಎಳೆಗಳ ನಡುವೆ ಸಿಕ್ಕಿಕೊಂಡು ಅಲ್ಲಾಡಲಾಗದೆ ನಿಂತ ಗಾಳಿ. ಹೊಗೆಕೊಳವೆಗೆ ಸುತ್ತುವ ಪಟ್ಟಿಯೂ ಇದೇ ತತ್ತ್ವದ ನೇಯ್ಗೆ. ಹತ್ತಿಯ ಬದಲು ಗಾಜಿನೆಳೆ, ಅಷ್ಟೆ. ಗಟ್ಟಿ ಗಾಜಿನ ಉಷ್ಣವಾಹಕತೆ ಪ್ರತಿ ಮೀಟರ್-ಕೆಲ್ವಿನ್‌ಗೆ ಸುಮಾರು 1 ವಾಟ್. ನಿಂತ ಗಾಳಿಯದು, ಸಾಮಾನ್ಯ ತಾಪದಲ್ಲಿ, 0.026. ಎಳೆ ಮತ್ತು ಗಾಳಿ ಕೂಡಿದ ಪಟ್ಟಿಯದು, ಅದು ಕೆಲಸ ಮಾಡುವ ಹೆಚ್ಚಿನ ತಾಪದಲ್ಲಿ, 0.1ರ ಆಸುಪಾಸು. ಅಂದರೆ ಶಾಖವನ್ನು ತಡೆಯುವ ಕೆಲಸದಲ್ಲಿ ಸಿಂಹಪಾಲು ಗಾಳಿಯದೇ. ಗಾಜಿನೆಳೆಯ ಕೆಲಸ ಗಾಳಿಯನ್ನು ಹಿಡಿದಿಡುವುದು ಮತ್ತು ತಾನು ಸುಡದೆ ಇರುವುದು.

ಗಾಳಿ ಹೋಗಿ ಆ ಜಾಗಕ್ಕೆ ನೀರು ಬಂದರೆ ಏನಾಗುತ್ತದೆ ಎಂಬುದು ಅಡುಗೆಮನೆಯಲ್ಲಿ ಕೆಲಸ ಮಾಡಿದವರಿಗೆಲ್ಲ ಗೊತ್ತು. ಒಣ ಮಸಿಬಟ್ಟೆಯಲ್ಲಿ ಕುದಿಯುವ ಸಾರಿನ ಪಾತ್ರೆ ಇಳಿಸಬಹುದು. ಒದ್ದೆ ಮಸಿಬಟ್ಟೆಯಲ್ಲಿ ಹಿಡಿದರೆ ಕೈ ಸುಟ್ಟು ಪಾತ್ರೆ ಬಿಡಬೇಕಾಗುತ್ತದೆ. ನೀರಿನ ಉಷ್ಣವಾಹಕತೆ ಗಾಳಿಯದಕ್ಕಿಂತ ಇಪ್ಪತ್ತು ಪಟ್ಟಿಗೂ ಹೆಚ್ಚು. ಕಪಿಲೆ-ಕಾವೇರಿಯರ ಬಯಲಿನಲ್ಲಿ, ತಿರುಮಕೂಡಲು ನರಸೀಪುರದ ಕಡೆ ನಾಲೆಯ ನೀರು ರಸ್ತೆಗೆ ಹರಿದಿರುವಲ್ಲಿ ಹಾದುಬಂದ ಕಾರಿನ ಸುತ್ತುಪಟ್ಟಿ ಒದ್ದೆ ಮಸಿಬಟ್ಟೆಯೇ ಸರಿ. ಎಂಜಿನ್ ಕಾದ ಮೇಲೆ ನೀರು ಆವಿಯಾಗಿ ಹೋಗುವುದು ನಿಜ. ಆದರೆ ನಿಲ್ಲಿಸಿಟ್ಟ ಕಾರಿನಲ್ಲಿ ಆ ತೇವ ರಾತ್ರಿಯೆಲ್ಲ ಲೋಹವನ್ನು ಅಪ್ಪಿಕೊಂಡಿರುತ್ತದೆ.

ಒಂದು ಲೆಕ್ಕ

ಈಗ ಪಿ.ಯು.ಸಿ. ವಿದ್ಯಾರ್ಥಿಯೂ ಮಾಡಬಹುದಾದ ಒಂದು ಲೆಕ್ಕ ಹಾಕೋಣ. ಇದು ಅಂದಾಜು, ಅಳತೆಯಲ್ಲ. ಅಂಕಿಗಳು ಕಾರಿನಿಂದ ಕಾರಿಗೆ ಬದಲಾಗುತ್ತವೆ. 5 ಸೆ.ಮೀ. ಹೊರವ್ಯಾಸದ, ಒಂದು ಮೀಟರ್ ಉದ್ದದ ಕೊಳವೆ. ಒಳಗೆ 700° ಸೆ. ಅನಿಲ. ಅನಿಲದಿಂದ ಲೋಹಕ್ಕೆ ಪ್ರತಿ ಚದರ ಮೀಟರಿಗೆ, ಪ್ರತಿ ಡಿಗ್ರಿ ವ್ಯತ್ಯಾಸಕ್ಕೆ 100 ವಾಟ್ ಶಾಖ ದಾಟುತ್ತದೆ ಎಂದುಕೊಳ್ಳಿ. ಹೊರಗಿನ ಗಾಳಿ 40° ಸೆ.; ಮಂದವಾಗಿ ಅಲ್ಲಾಡುವ ಆ ಗಾಳಿಗೆ ಇದೇ ರೀತಿ ಡಿಗ್ರಿಗೆ 15 ವಾಟ್. ತುಕ್ಕು ಬಣ್ಣದ ಲೋಹದ ಉತ್ಸರ್ಜಕತೆ, ಅಂದರೆ ಪರಿಪೂರ್ಣ ಕಪ್ಪುಕಾಯಕ್ಕೆ ಹೋಲಿಸಿದರೆ ಅದು ವಿಕಿರಣ ಹೊರಸೂಸುವ ಪ್ರಮಾಣ, 0.8.

ವಿಕಿರಣವನ್ನು ಸ್ಟೆಫಾನ್-ಬೋಲ್ಟ್ಸ್‌ಮನ್ ನಿಯಮದಿಂದ ಲೆಕ್ಕ ಹಾಕಬೇಕು. ಅದು ಕೆಲ್ವಿನ್ ತಾಪದ ನಾಲ್ಕನೇ ಘಾತದಂತೆ ಏರುತ್ತದೆ. ಒಳಬರುವ ಶಾಖ, ಹೊರಹೋಗುವ ಶಾಖ ಸಮವಾಗುವ ತಾಪವನ್ನು ಎರಡು ಮೂರು ಬಾರಿ ಊಹಿಸಿ, ತಿದ್ದಿ ಹುಡುಕಿದರೆ ಬರಿಯ ಕೊಳವೆಯ ತಾಪ ಸುಮಾರು 490° ಸೆ. ಎಂದು ಸಿಗುತ್ತದೆ. ಒಂದು ಮೀಟರ್ ಕೊಳವೆ ಹೊರಹಾಕುವ ಶಾಖ 3 ಕಿಲೋವಾಟ್‌ಗೂ ಮೇಲೆ. ಮನೆಯ ಒಂದು ದೊಡ್ಡ ಗೀಸರಿಗೆ ಸಮ. ಇದರಲ್ಲಿ ಮೂರನೇ ಎರಡಕ್ಕಿಂತ ಹೆಚ್ಚು ಭಾಗ ವಿಕಿರಣದ್ದು. ಸ್ಕೂಟರಿನ ಸೈಲೆನ್ಸರನ್ನು ಮುಟ್ಟದೆಯೇ ಕಾಲಿಗೆ ಬಿಸಿ ತಟ್ಟುವುದು ಇದರಿಂದಲೇ.

ಇದೇ ಕೊಳವೆಗೆ ಪಟ್ಟಿಯನ್ನು ಎರಡು ಪದರವಾಗುವಂತೆ, ಒಟ್ಟು 3 ಮಿ.ಮೀ. ದಪ್ಪಕ್ಕೆ ಸುತ್ತೋಣ. ಲೆಕ್ಕ ಮತ್ತೆ ಮಾಡಿದರೆ ಹೊದಿಕೆಯ ಹೊರಮೈ ಸುಮಾರು 310° ಸೆ.ಗೆ ಇಳಿಯುತ್ತದೆ. ಹೊರಬೀಳುವ ಶಾಖ ಒಂದೂವರೆ ಕಿಲೋವಾಟ್, ಅಂದರೆ ಮೊದಲಿನ ಅರ್ಧಕ್ಕಿಂತ ಕಡಿಮೆ. ಬಾನೆಟ್ಟಿನೊಳಗೆ ತಣ್ಣಗಾಗುತ್ತದೆ ಎಂಬ ಮಾತು ನಿಜ ಎಂದದ್ದು ಇದಕ್ಕೆ. ಆದರೆ ಲೆಕ್ಕದ ಇನ್ನೊಂದು ಸಾಲನ್ನು ಪಟ್ಟಿ ಮಾರುವವರು ಓದುವುದಿಲ್ಲ: ಒಳಗಿನ ಲೋಹದ ತಾಪ 490ರಿಂದ 600° ಸೆ.ಗೆ ಏರಿರುತ್ತದೆ. ಕಂಬಳಿ ಹೊದ್ದವನ ಕಂಬಳಿ ತಣ್ಣಗಿರುತ್ತದೆ, ಮೈ ಬೆಚ್ಚಗಾಗುತ್ತದೆ. ಇಲ್ಲಿ ಬೆಚ್ಚಗಾಗುವ ಮೈ ಕೊಳವೆಯದು.

ಒಂದು ಉಪಕಥೆ. ಹೊದಿಕೆ ಸುತ್ತಿದರೆ ಯಾವಾಗಲೂ ಶಾಖದ ನಷ್ಟ ಕಡಿಮೆಯಾಗಬೇಕೆಂದೇನೂ ಇಲ್ಲ. ಸಣ್ಣ ತಂತಿಗೆ ಹೊದಿಕೆ ಹಾಕಿದರೆ ಗಾಳಿಗೆ ತೆರೆದ ಮೈ ಹಿಗ್ಗಿ ನಷ್ಟ ಹೆಚ್ಚುವುದೂ ಉಂಟು. ಹೊದಿಕೆಯ ಉಷ್ಣವಾಹಕತೆಯನ್ನು ಹೊರಮೈಯಿಂದ ಗಾಳಿಗೆ ಶಾಖ ದಾಟುವ ಗುಣಾಂಕದಿಂದ ಭಾಗಿಸಿದರೆ ಬರುವ ‘ಸಂದಿಗ್ಧ ತ್ರಿಜ್ಯ’ಕ್ಕಿಂತ ತಂತಿ ಸಣ್ಣದಿದ್ದಾಗ ಹೀಗಾಗುತ್ತದೆ. ನಮ್ಮ ಪಟ್ಟಿಗೆ ಈ ತ್ರಿಜ್ಯ ಕೆಲವೇ ಮಿಲಿಮೀಟರ್, ಕೊಳವೆಯದು 25 ಮಿ.ಮೀ. ಆದ್ದರಿಂದ ಇಲ್ಲಿ ಆ ತೊಡಕಿಲ್ಲ.

ಇನ್ನೊಂದು ಎಚ್ಚರಿಕೆ. ಸುತ್ತುವ ಮುನ್ನ, ಸುತ್ತಿದ ನಂತರ ಎಂದು ಅತಿಗೆಂಪು ತಾಪಮಾಪಕದಿಂದ ಅಳೆದು ತೋರಿಸುವುದುಂಟು. ಹೊಳೆಯುವ ಸ್ಟೀಲಿನ ಉತ್ಸರ್ಜಕತೆ ಬಹಳ ಕಡಿಮೆಯಾದ್ದರಿಂದ ಅದನ್ನು ಗುರಿಯಿಟ್ಟಾಗ ಮಾಪಕ ನಿಜಕ್ಕಿಂತ ಎಷ್ಟೋ ಕಡಿಮೆ ಓದುತ್ತದೆ. ಮಂಕಾದ ಪಟ್ಟಿಯ ಮೇಲೆ ಸರಿಯಾಗಿಯೇ ಓದುತ್ತದೆ. ಹೀಗಾಗಿ ಈ ಹೋಲಿಕೆಗೆ ಅರ್ಥವಿಲ್ಲ. 2020ರಲ್ಲಿ ಶಾಲೆ ಶಾಲೆಗೂ ಬಂದ, ಹಣೆಗೆ ಹಿಡಿಯುವ ಮಾಪಕಗಳಂತೂ ಮೈ ಬಿಸಿ ಅಳೆಯಲು ಮಾತ್ರ ತಯಾರಾದವು. ಅವನ್ನು ಈ ಕೆಲಸಕ್ಕೆ ಬಳಸಲಾಗದು.

ಲೋಹದ ಕಷ್ಟ

490 ಮತ್ತು 600ರ ನಡುವೆ ಕಬ್ಬಿಣದ ರಸಾಯನದಲ್ಲಿ ಒಂದು ಮುಖ್ಯ ಗಡಿ ಇದೆ. ಸುಮಾರು 570° ಸೆ.ಗಿಂತ ಕೆಳಗೆ ಬಿಸಿ ಕಬ್ಬಿಣದ ಮೇಲೆ ಬೆಳೆಯುವ ಪದರದಲ್ಲಿ ಮ್ಯಾಗ್ನಟೈಟ್ ಮತ್ತು ಹೆಮಟೈಟ್ ಎಂಬ ಆಕ್ಸೈಡುಗಳಿರುತ್ತವೆ. ಇವು ಸ್ವಲ್ಪಮಟ್ಟಿಗಾದರೂ ಲೋಹಕ್ಕೆ ರಕ್ಷಣೆ ಕೊಡುತ್ತವೆ. ಅದಕ್ಕಿಂತ ಮೇಲೆ ವುಸ್ಟೈಟ್ ಎಂಬ ಮೂರನೆಯ ಆಕ್ಸೈಡು ಹುಟ್ಟುತ್ತದೆ. ಅದರ ಹರಳಿನಲ್ಲಿ ಕಬ್ಬಿಣದ ಅಯಾನುಗಳು ಇರಬೇಕಾದ ಎಷ್ಟೋ ತಾಣಗಳು ಖಾಲಿ. ಆ ಖಾಲಿ ತಾಣಗಳ ಮೂಲಕ ಅಯಾನುಗಳು ಸುಲಭವಾಗಿ ಹೊರಕ್ಕೆ ಜಾರುವುದರಿಂದ ಪದರ ಬೇಗ ಬೇಗ ದಪ್ಪಗಾಗಿ, ಹಕ್ಕಳೆ ಹಕ್ಕಳೆಯಾಗಿ ಉದುರುತ್ತದೆ. ಕುಲುಮೆಯಲ್ಲಿ ಕೆಂಪಗೆ ಕಾಸಿದ ಕಬ್ಬಿಣದಿಂದ ಉದುರುವ ಕಪ್ಪು ಹಕ್ಕಳೆಯನ್ನು ನೆನೆದುಕೊಳ್ಳಿ. ಸಾದಾ ಉಕ್ಕಿನ ಕೊಳವೆಗೆ ಹೊದಿಕೆ ಸುತ್ತಿದರೆ ಅದನ್ನು ಈ ಗಡಿಯ ಆಚೆಗೆ ನೂಕಿದಂತೆ. ಅದರ ಮೇಲೆ ರಾತ್ರಿಯ ತೇವ ಬೇರೆ. ಪಟ್ಟಿ ಸುತ್ತಿದ ಕೆಲ ಕಾಲದ ಮೇಲೆ ಬಿಚ್ಚಿದಾಗ ಕೊಳವೆ ಕೈಗೆ ಪುಡಿಪುಡಿಯಾಗಿ ಬರುವುದಕ್ಕೆ ಈ ಎರಡೂ ಸೇರಿ ಕಾರಣ.

ಸ್ಟೇನ್‌ಲೆಸ್ ಸ್ಟೀಲಿಗೆ ಇಷ್ಟು ಕಷ್ಟವಿಲ್ಲ, ಆದರೆ ಅದೂ ಪೂರ್ತಿ ಪಾರಲ್ಲ. ನಮ್ಮ ಅಡುಗೆ ಪಾತ್ರೆಗಳ ಜಾತಿಯ ಸ್ಟೀಲನ್ನು ಸುಮಾರು 450ರಿಂದ 850° ಸೆ. ನಡುವೆ ಬಹಳ ಹೊತ್ತು ಇಟ್ಟರೆ ಅದರ ಕ್ರೋಮಿಯಮ್ ಕಾರ್ಬನ್ನಿನೊಡನೆ ಸೇರಿ ಹರಳುಗಳ ಅಂಚಿನಲ್ಲಿ ಕಾರ್ಬೈಡ್ ಆಗಿ ಕೂರುತ್ತದೆ. ಅಂಚಿನ ಪಕ್ಕದ ಲೋಹಕ್ಕೆ ಕ್ರೋಮಿಯಮ್ ಕೊರತೆಯಾಗಿ ಅಲ್ಲಿಂದ ತುಕ್ಕು ಶುರುವಾಗುತ್ತದೆ. ಬೆಸುಗೆಯ ಆಸುಪಾಸಿನಲ್ಲಿ ಕೊಳವೆ ಸೀಳುವುದು ಹೀಗೆಯೂ ಆಗಬಹುದು.

ಎಂಜಿನ್ನಿನ ಹತ್ತಿರ ಎಣ್ಣೆ ಸೋರುವ ಹಳೆಯ ಕಾರಾದರೆ ಇನ್ನೂ ಒಂದು ತೊಂದರೆ. ಬರಿಯ ಲೋಹದ ಮೇಲೆ ಬಿದ್ದ ಎಣ್ಣೆಯ ಹನಿ ಚುರ್ ಎಂದು ಹೊಗೆಯಾಗಿ ಹೋಗುತ್ತದೆ. ಪಟ್ಟಿಯ ಮೇಲೆ ಬಿದ್ದದ್ದು ದೀಪದ ಬತ್ತಿಯಲ್ಲಿ ಹರಡುವಂತೆ ಎಳೆಗಳ ನಡುವೆ ಹರಡುತ್ತದೆ. ಅಷ್ಟು ವಿಸ್ತಾರದ ಮೈ ಮೇಲೆ ಗಾಳಿ ತಾಗಿ ಎಣ್ಣೆ ನಿಧಾನವಾಗಿ ಉತ್ಕರ್ಷಣೆಗೊಳ್ಳುತ್ತದೆ. ಹುಟ್ಟಿದ ಶಾಖ ಹೊದಿಕೆಯಿಂದಾಗಿ ಹೊರಹೋಗದೆ ಕೂಡಿ ಕೂಡಿ ಕೊನೆಗೆ ಹೊತ್ತಿಕೊಳ್ಳಬಹುದು. ಕಾರ್ಖಾನೆಗಳಲ್ಲಿ ಬಿಸಿ ಕೊಳವೆಗಳ ಹೊದಿಕೆಗೆ ಎಣ್ಣೆ ಹಿಡಿದು ಬೆಂಕಿ ಬೀಳುವುದು ಎಂಜಿನಿಯರುಗಳಿಗೆ ಪರಿಚಿತ ಸಂಗತಿ.

ಹಿಂದೆ ಇಂತಹ ಕೆಲಸಕ್ಕೆ ಕಲ್ನಾರಿನ ಹಗ್ಗ, ಬಟ್ಟೆ ಬಳಸುತ್ತಿದ್ದರು. ಉಸಿರಿನೊಡನೆ ಒಳಹೋದ ಕಲ್ನಾರಿನ ಎಳೆ ಶ್ವಾಸಕೋಶದ ಕ್ಯಾನ್ಸರಿಗೆ ಕಾರಣ ಎಂಬುದು ಖಚಿತವಾಗಿದೆ. ಹಳೆಯ ಗ್ಯಾರೇಜಿನ ಮೂಲೆಯಲ್ಲಿ ಅಂತಹ ಹಗ್ಗ ಸಿಕ್ಕಿದರೆ ಬಳಸಬಾರದು. ಗಾಜಿನೆಳೆ ಅಷ್ಟು ಘೋರವಲ್ಲದಿದ್ದರೂ ಚರ್ಮ, ಗಂಟಲಿಗೆ ತುರಿಕೆ ತಪ್ಪಿದ್ದಲ್ಲ. ಜೊತೆಗೆ ಸಾಮಾನ್ಯ ಗಾಜಿನೆಳೆಯ ಪಟ್ಟಿ ಸುಮಾರು 550° ಸೆ. ದಾಟಿದರೆ ಗಡುಸಾಗಿ ಪುಡಿಯಾಗತೊಡಗುತ್ತದೆ. ಕಪ್ಪುಶಿಲೆ, ಅಂದರೆ ಬಸಾಲ್ಟನ್ನು ಕರಗಿಸಿ ಎಳೆದ ಎಳೆ ಇದಕ್ಕಿಂತ ಹೆಚ್ಚು ತಡೆಯುತ್ತದೆ.

ಎಂಜಿನ್ನಿಗೆ ಲಾಭವೆ?

ಪಟ್ಟಿ ಸುತ್ತುವ ಪದ್ಧತಿ ಬಂದದ್ದು ಓಟದ ಕಾರುಗಳಿಂದ. ಅಲ್ಲಿ ಎಂಜಿನ್ನನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟುತ್ತಾರೆ; ಕೊಳವೆ ವರ್ಷಗಟ್ಟಲೆ ಬಾಳಬೇಕಾಗಿಲ್ಲ. ಅನಿಲವನ್ನು ಬಿಸಿಯಾಗಿಟ್ಟರೆ ಅದು ಸಲೀಸಾಗಿ ಹೊರಹೋಗುತ್ತದೆ ಎಂಬುದು ವಾದ. ನಮ್ಮ ಲೆಕ್ಕದ ಕೊಳವೆಯಲ್ಲಿ ಸೆಕೆಂಡಿಗೆ 30 ಗ್ರಾಂ ಅನಿಲ ಹರಿಯುತ್ತದೆ ಎಂದುಕೊಂಡರೆ, ಬರಿಯ ಕೊಳವೆಯಲ್ಲಿ ಒಂದು ಮೀಟರ್ ಸಾಗುವಷ್ಟರಲ್ಲಿ ಅದು ಸುಮಾರು 95 ಡಿಗ್ರಿ ತಣ್ಣಗಾಗುತ್ತದೆ. ಹೊದಿಕೆಯಿದ್ದರೆ 45 ಡಿಗ್ರಿ. ಈ 50 ಡಿಗ್ರಿಯ ವ್ಯತ್ಯಾಸದಿಂದ ಕೊಳವೆಯ ಆ ತುದಿಯಲ್ಲಿ ಶಬ್ದದ ವೇಗ ನೂರಕ್ಕೆ 3ರಷ್ಟು ಹೆಚ್ಚುತ್ತದೆ. ಕೊಳವೆಯ ಉದ್ದವನ್ನು ಒತ್ತಡದ ಅಲೆಗಳಿಗೆ ಹೊಂದಿಸಿರುವ ಓಟದ ಎಂಜಿನ್ನಿನಲ್ಲಿ ಇದು ಲೆಕ್ಕಕ್ಕೆ ಬರುತ್ತದೆ. ಆದರೆ ಬಿಸಿ ಅನಿಲ ಹಿಗ್ಗಿರುತ್ತದೆ. ಅಷ್ಟೇ ತೂಕದ ಅನಿಲ ಅದೇ ಕೊಳವೆಯಲ್ಲಿ ಹೋಗಬೇಕಾದರೆ ಇನ್ನೂ ವೇಗವಾಗಿ ನುಗ್ಗಬೇಕು. ಘರ್ಷಣೆಯಿಂದಾಗುವ ಒತ್ತಡದ ನಷ್ಟ ನೂರಕ್ಕೆ 5-6ರಷ್ಟು ಏರುತ್ತದೆ. ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಂಡ ಹಾಗೆ. ಮನೆಯ ಕಾರಿನಲ್ಲಿ ಇದು ಓಡಿಸುವವರ ಗಮನಕ್ಕೂ ಬರುವಂಥದ್ದಲ್ಲ.

ಬಾನೆಟ್ಟಿನೊಳಗಿನ ಗಾಳಿ ತಣ್ಣಗಾದರೆ ಎಂಜಿನ್ ಹೀರುವ ಗಾಳಿ ಸಾಂದ್ರವಾಗುತ್ತದೆ ಎಂಬುದೂ ಸರಿಯೇ. 10 ಡಿಗ್ರಿಗೆ ಸಾಂದ್ರತೆ ನೂರಕ್ಕೆ 3. ಆದರೆ ಇಂದಿನ ಬಹುತೇಕ ಕಾರುಗಳು ಮುಂಭಾಗದಿಂದ, ಹೊರಗಿನ ಗಾಳಿಯನ್ನೇ ಹೀರುತ್ತವೆ. ಟರ್ಬೋ ಇರುವ ಎಂಜಿನ್ನಿನಲ್ಲಿ ಸಿಲಿಂಡರಿನಿಂದ ಟರ್ಬೈನಿನವರೆಗಿನ ಗೇಣುದ್ದದ ಕೊಳವೆಯಲ್ಲಿ ಶಾಖ ಉಳಿಸಿದರೆ ಮಾತ್ರ ಟರ್ಬೈನಿಗೆ ನಿಜವಾಗಿಯೂ ಹೆಚ್ಚು ಶಕ್ತಿ ಸಿಗುತ್ತದೆ. ಅಲ್ಲಿ ತಯಾರಕರೇ ಅದಕ್ಕೆ ತಕ್ಕ ಲೋಹ, ತಕ್ಕ ಮರೆ ಕೊಟ್ಟಿರುತ್ತಾರೆ. ಪರಿವರ್ತಕದ ವಿಷಯವೂ ಹೀಗೆಯೇ. ಅದರ ಮುಂದಿನ ಕೊಳವೆಗೆ ಹೊದಿಕೆಯಿದ್ದರೆ ಬೆಳಗಿನ ತಣ್ಣನೆಯ ಎಂಜಿನ್ನಿನಲ್ಲಿ ಅದು ಬೇಗ ಕಾಯ್ದು ಕೆಲಸ ಆರಂಭಿಸುತ್ತದೆ. ಅಷ್ಟರಮಟ್ಟಿಗೆ ಊರಿನ ಗಾಳಿಗೆ ಒಳ್ಳೆಯದು. ಹೆದ್ದಾರಿಯ ಓಟದಲ್ಲಿ ಅದೇ ಹೊದಿಕೆ ಅದನ್ನು ಅತಿಯಾಗಿ ಕಾಯಿಸಿದರೆ ಪ್ಲಾಟಿನಮ್ ಕಣಗಳು ಒಂದಕ್ಕೊಂದು ಅಂಟಿ ದಪ್ಪಗಾಗಿ, ಕ್ರಿಯೆ ನಡೆಯಬೇಕಾದ ಮೈ ಕುಗ್ಗಿಹೋಗುತ್ತದೆ. ಇದನ್ನು ಮತ್ತೆ ಸರಿಮಾಡಲಾಗದು.

ಹುರುಳಿಯೂ ಒಂದು ಹೊದಿಕೆ

ಈಗ ಬದನವಾಳಿನ ರಸ್ತೆಗೆ ಮರಳೋಣ. ಹೊದಿಕೆ ಸುತ್ತಿದ ಕೊಳವೆಯ ಹೊರಮೈ 310° ಸೆ. ಎಂದು ಲೆಕ್ಕ ಬಂತಲ್ಲ, ಅದೇ ಸೆತ್ತೆ ಹೊತ್ತಿಕೊಳ್ಳುವ ತಾಪದ ಆಚೆಗಿದೆ. ಇರಲಿ, ನಿಧಾನವಾಗಿ ಓಡಿಸುವಾಗ ಅನಿಲ ಇಷ್ಟು ಬಿಸಿ ಇರುವುದಿಲ್ಲ, ಕೆಳಗಿನಿಂದ ಗಾಳಿಯೂ ಬೀಸುತ್ತದೆ; ಹೊರಮೈ 200ಕ್ಕೋ 250ಕ್ಕೋ ಇಳಿಯಿತು ಎನ್ನೋಣ. ಆಗಲಾದರೂ ಕ್ಷೇಮವೆ?

ಇಲ್ಲ. ಏಕೆಂದರೆ ಹೊರಮೈ ಅಷ್ಟು ತಣ್ಣಗಿರುವುದು ಅದರಿಂದ ಶಾಖ ಗಾಳಿಗೆ ಹೋಗುತ್ತಿರುವವರೆಗೆ ಮಾತ್ರ. ಹುರುಳಿಯ ಬಳ್ಳಿ ಹಬ್ಬಿ ಹೆಣೆದುಕೊಳ್ಳುವ ಜಾತಿಯದು. ರಾಗಿ ಹುಲ್ಲಿನಂತೆ ಜಾರಿ ಬೀಳದೆ ತಿರುಗುವ ಅಚ್ಚಿಗೆ ಸುತ್ತಿಕೊಂಡು, ಕೊಳವೆಯ ಸುತ್ತ ಉಂಡೆಯಾಗಿ ಬಿಗಿಯುತ್ತದೆ. ಎಳೆ ಎಳೆಯಾಗಿ, ನಡುವೆ ಗಾಳಿ ಹಿಡಿದ ಒಣ ಸೆತ್ತೆ ಗಾಜಿನೆಳೆಯ ಪಟ್ಟಿಯಷ್ಟೇ ಒಳ್ಳೆಯ ಉಷ್ಣ ನಿರೋಧಕ. ಅಂದರೆ ಕಾರು ಹುರುಳಿಯ ಮೇಲೆ ಹೋದಾಗ ತನ್ನ ಕೊಳವೆಗೆ ತಾನೇ ಹೊದಿಕೆ ಸುತ್ತಿಕೊಂಡಂತಾಯಿತು. ಈ ಹೊದಿಕೆಗೆ ಬೆಂಕಿ ಹತ್ತುತ್ತದೆ ಎಂಬುದಷ್ಟೇ ವ್ಯತ್ಯಾಸ.

ಲೆಕ್ಕ ಏನನ್ನುತ್ತದೆ? 3 ಸೆ.ಮೀ. ದಪ್ಪದ ಸೆತ್ತೆ ಬರಿಯ ಕೊಳವೆಯನ್ನು ಸುತ್ತಲೂ ಮುಚ್ಚಿದರೆ, 490° ಸೆ. ಇದ್ದ ಲೋಹ 680° ಸೆ. ಕಡೆಗೆ ಏರತೊಡಗುತ್ತದೆ, ಒಳಗಿನ ಅನಿಲದ ತಾಪಕ್ಕೆ ಬಹುತೇಕ ಸಮ. ಗಾಜಿನೆಳೆಯ ಪಟ್ಟಿಯ ಮೇಲೆ ಅಷ್ಟೇ ಸೆತ್ತೆ ಮುಚ್ಚಿದರೆ, ಪಟ್ಟಿಯ ಹೊರಮೈ 310ರಲ್ಲಿ ನಿಲ್ಲದೆ 620° ಸೆ. ಕಡೆಗೆ ಏರುತ್ತದೆ. ಅಲ್ಲಿಗೆ ಮುಟ್ಟುವ ಎಷ್ಟೋ ಮೊದಲೇ ಸೆತ್ತೆ ಕನಲಿರುತ್ತದೆ. ಅನಿಲ 450° ಸೆ. ಮಾತ್ರ ಇರುವ ನಿಧಾನ ಓಟದಲ್ಲೂ ಸೆತ್ತೆಯಡಿಯ ತಾಪ 400° ಸೆ. ದಾಟುತ್ತದೆ. ಪಟ್ಟಿಯಿಂದ ಸಿಗುವುದು ಕೆಲವು ನಿಮಿಷಗಳ ತಡ. ಅದೂ ಹೊಗೆಯ ವಾಸನೆ ತಡವಾಗಿ ಬರುವಂತೆ ಮಾಡುವ ತಡ. ಇದರ ಜೊತೆಗೆ ತಿರುಗುವ ಅಚ್ಚಿಗೂ ಸೆತ್ತೆಯ ಉಂಡೆಗೂ ನಡುವಿನ ಘರ್ಷಣೆಯ ಶಾಖ ಬೇರೆ ಇದೆ. ಹೊಗೆಕೊಳವೆಯ ಹೊದಿಕೆಗೂ ಅದಕ್ಕೂ ಸಂಬಂಧವೇ ಇಲ್ಲ.

ಕಾರು ಓಡುತ್ತಿರುವಾಗ ಗಾಳಿ ಬೀಸಿ ಸ್ವಲ್ಪ ಶಾಖವನ್ನು ಒಯ್ಯುತ್ತದೆ. ಏನೋ ಸದ್ದಾಗುತ್ತಿದೆ ಎಂದು ಸೆತ್ತೆಯ ರಾಶಿಯ ಮೇಲೆಯೇ ನಿಲ್ಲಿಸಿದರೆ ಗಾಳಿಯೂ ನಿಂತು, ಪರಿವರ್ತಕದ ಪಿಂಗಾಣಿ ದಿಮ್ಮಿಯಲ್ಲಿ ಕೂಡಿಟ್ಟ ಶಾಖ ಪೂರಾ ಸೆತ್ತೆಗೇ ಇಳಿಯುತ್ತದೆ. ಆದ್ದರಿಂದ ಒಕ್ಕಣೆಯ ರಾಶಿಯನ್ನು ದಾಟಿ, ಬರಿಯ ಡಾಂಬರು ಸಿಕ್ಕಿದೊಡನೆ ನಿಲ್ಲಿಸಿ ಬಗ್ಗಿ ನೋಡಬೇಕು. ಹೊಗೆ ಕಂಡರೆ ಎಂಜಿನ್ ಆರಿಸಿ ಎಲ್ಲರೂ ಇಳಿದು ದೂರ ಹೋಗುವುದು ಮೊದಲು, ನೀರು ಹುಡುಕುವುದು ಆಮೇಲೆ. ಹೊಗೆಯಿಲ್ಲದಿದ್ದರೆ ಎಂಜಿನ್ ಆರಿಸಿ, ಸಾಕಷ್ಟು ತಣಿದ ಮೇಲೆ ಕೋಲಿನಿಂದ ಎಳೆದು ತೆಗೆಯಬೇಕು, ಕೈಯಿಂದಲ್ಲ. ಇದಕ್ಕಿಂತ ಒಳ್ಳೆಯದು ರಸ್ತೆಯಲ್ಲಿ ಒಕ್ಕದಿರುವುದು. ಆದರೆ ಕಣಕ್ಕೆ ಜಾಗವೂ, ಒಕ್ಕುವ ಯಂತ್ರದ ಬಾಡಿಗೆಗೆ ಹಣವೂ ಇಲ್ಲದ ಸಣ್ಣ ರೈತನಿಗೆ ಪೊಲೀಸರು ಹೇಳುವ ಬುದ್ಧಿಮಾತು ಮಾತ್ರ ಸಾಲದು. ಊರಿಗೊಂದು ಕಾಂಕ್ರೀಟ್ ಕಣ ಹೊದಿಕೆ ಪಟ್ಟಿಗಳ ವ್ಯಾಪಾರಕ್ಕಿಂತ ಹೆಚ್ಚು ಕಾರುಗಳನ್ನು ಉಳಿಸೀತು ಎಂದು ನನ್ನ ಎಣಿಕೆ.

ತಗಡಿನ ಮರೆ

ಹಾಗಾದರೆ ಕಾರು ತಯಾರಕರು ಏನು ಮಾಡಿದ್ದಾರೆ? ಕೊಳವೆಗೂ ಕಾರಿನ ತಳಕ್ಕೂ ನಡುವೆ, ಯಾವುದನ್ನೂ ಒತ್ತದೆ, ಬೆರಳಗಲ ಜಾಗ ಬಿಟ್ಟು ತೆಳುವಾದ ಅಲ್ಯೂಮಿನಿಯಮ್ ತಗಡಿನ ಮರೆ ಕೊಟ್ಟಿರುತ್ತಾರೆ. ಶಾಖದ ಹೆಚ್ಚಿನ ಪಾಲು ವಿಕಿರಣವಾದ್ದರಿಂದ ಇದು ಬಹಳ ಪರಿಣಾಮಕಾರಿ. ಎರಡು ಕಪ್ಪು ಮೈಗಳ ನಡುವೆ ಇನ್ನೊಂದು ಕಪ್ಪು ಹಾಳೆ ಹಿಡಿದರೂ ವಿಕಿರಣ ಅರ್ಧಕ್ಕಿಳಿಯುತ್ತದೆ. ಉತ್ಸರ್ಜಕತೆ 0.1 ಇರುವ ಹೊಳೆಯುವ ತಗಡಾದರೆ ಇಪ್ಪತ್ತನೇ ಒಂದಕ್ಕೆ. ಧೂಳು, ಕೆಸರು ಹಿಡಿದ ತಗಡಿನಲ್ಲಿ ಇಷ್ಟು ಸಿಗದು, ಆದರೂ ಸಾಕಷ್ಟು ಸಿಗುತ್ತದೆ. ಮುಖ್ಯವಾದ ಸಂಗತಿಯೆಂದರೆ ಕೊಳವೆಯ ಸುತ್ತ ಗಾಳಿ ಆಡುತ್ತಲೇ ಇರುತ್ತದೆ. ಲೋಹದ ತಾಪ ಏರುವುದಿಲ್ಲ, ತೇವ ನಿಲ್ಲುವುದಿಲ್ಲ. ಈ ತಗಡು ಸಡಿಲವಾಗಿ ಗಡಗಡ ಎಂದಾಗ ಕೆಲವು ಕಡೆ ಅದನ್ನು ಕಿತ್ತೇ ಎಸೆಯುತ್ತಾರೆ. ಹೊಗೆಕೊಳವೆಯ ಶಾಖದ ಬಗ್ಗೆ ಚಿಂತೆಯಿರುವವರು ಮೊದಲು ಮಾಡಬೇಕಾದದ್ದು ಆ ತಗಡು ತನ್ನ ಜಾಗದಲ್ಲಿದೆಯೇ ಎಂದು ನೋಡಿಸುವುದು. ಹಾಗೆಂದು ಮರೆಗೂ ಕೊಳವೆಗೂ ನಡುವೆ ಸೆತ್ತೆ ಸಿಕ್ಕಿಕೊಂಡರೆ ಅದೂ ನಿಸ್ಸಹಾಯಕ.

ಹೊದಿಕೆಗೆ ಒಪ್ಪುವ ಜಾಗಗಳು ಬೇರೆ ಇವೆ. ಆಸ್ಪತ್ರೆಯ, ಕಾಲೇಜಿನ ಜನರೇಟರಿನ ಹೊಗೆಕೊಳವೆ ಗೋಡೆ ತೂರಿ ಹೋಗುವಲ್ಲಿ ಅದಕ್ಕೆ ದಪ್ಪನೆಯ ಖನಿಜ ಉಣ್ಣೆ ಸುತ್ತಿ, ಮೇಲೆ ಅಲ್ಯೂಮಿನಿಯಮ್ ತಗಡು ಹೊದಿಸಿರುತ್ತಾರೆ. ಅದು ಅಲುಗಾಡದ ಕೊಳವೆ, ಸೂರಿನಡಿಯದು, ದಪ್ಪ ಲೋಹದ್ದು. ಯಾರಾದರೂ ಮುಟ್ಟಿ ಸುಟ್ಟುಕೊಳ್ಳಬಾರದೆಂಬುದೇ ಅಲ್ಲಿನ ಚಿಂತೆ.

ತರಗತಿಗೊಂದು ಪ್ರಯೋಗ

ಇದನ್ನೆಲ್ಲ ತೋರಿಸಲು ಕಾರು ಬೇಕಿಲ್ಲ. ಒಂದೇ ಅಳತೆಯ ಮೂರು ಸ್ಟೀಲ್ ಲೋಟ, ಖಾದಿ ಬಟ್ಟೆಯ ಪಟ್ಟಿ, ನಾಲ್ಕಾರು ತಾಪಮಾಪಕ ಸಾಕು. ಒಂದು ಲೋಟವನ್ನು ಬರಿದೇ ಬಿಡಿ. ಎರಡನೆಯದಕ್ಕೆ ಒಣ ಪಟ್ಟಿ ನಾಲ್ಕು ಸುತ್ತು, ಮೂರನೆಯದಕ್ಕೆ ಅಷ್ಟೇ ಸುತ್ತು ಒದ್ದೆ ಪಟ್ಟಿ. ಪಟ್ಟಿಯ ಅಡಿಯಲ್ಲಿ ಲೋಹಕ್ಕೆ ತಾಗುವಂತೆ ಒಂದು ಮಾಪಕದ ಬುರುಡೆ, ಪಟ್ಟಿಯ ಮೇಲೆ ಇನ್ನೊಂದು. ಬರಿಯ ಲೋಟಕ್ಕೆ ಹೊರಗಿನಿಂದ ಒಂದನ್ನು ದಾರದಿಂದ ಕಟ್ಟಿ. ಮೂರಕ್ಕೂ ಒಂದೇ ಪಾತ್ರೆಯಿಂದ ಬಿಸಿನೀರು ಸುರಿದು ಮುಚ್ಚಿ, ಎರಡು ನಿಮಿಷಕ್ಕೊಮ್ಮೆ ಬರೆದುಕೊಳ್ಳಲಿ. ಒಣ ಪಟ್ಟಿಯ ಲೋಟದಲ್ಲಿ ಹೊರಗಿನ ಮಾಪಕ ಕಡಿಮೆ, ಒಳಗಿನದು ಬರಿಯ ಲೋಟದ್ದಕ್ಕಿಂತ ಹೆಚ್ಚು ತೋರಿಸಬೇಕು. ಒದ್ದೆ ಪಟ್ಟಿಯಲ್ಲಿ ಒಳಗಿನ, ಹೊರಗಿನ ಮಾಪಕಗಳ ಅಂತರ ಕಿರಿದಾಗುತ್ತದೆ. ನೀರು ಆವಿಯಾಗುವುದರಿಂದ ಆ ಲೋಟ ಬರಿಯ ಲೋಟಕ್ಕಿಂತಲೂ ಬೇಗ ತಣಿದರೆ ಮಕ್ಕಳಿಗೆ ಚರ್ಚೆಗೆ ಇನ್ನೊಂದು ವಿಷಯ ಸಿಕ್ಕಂತೆ. ಕೊನೆಯಲ್ಲಿ ಒಣ ಪಟ್ಟಿಯ ಲೋಟದ ಮೇಲೆ ಒಂದು ಹಿಡಿ ಒಣಹುಲ್ಲನ್ನು ಸುತ್ತಲೂ ಒತ್ತಿ ಕಟ್ಟಿ, ಪಟ್ಟಿಯ ಹೊರಗಿನ ಮಾಪಕ ಏರುವುದನ್ನು ನೋಡಲಿ.